ಉಪ್ಪು ಬೆವರುವ ತಿಂಗಳಲ್ಲಿ ಬ್ರಷ್ ಮುಟ್ಟಬೇಡಿ

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ಅಜ್ಜನ ಕಾಲದ ಮನೆಗೆ ಹೋದ ವರ್ಷ ವಾಪಸು ಬಂದೆವು. ಜೂನ್ ಕೊನೆಯಲ್ಲಿ ವಿಡಿಯೊ ನೋಡಿಕೊಂಡು, ಅಡುಗೆಮನೆಯಲ್ಲಿದ್ದ ಹಲಸಿನ ಮರದ ಸ್ಟೂಲಿಗೆ ಬಿಳಿ ಚಾಕ್ ಪೇಂಟ್ ಹೊಡೆದು ಮೇಲೆ ಮೇಣ ಹಚ್ಚಿದೆ. ವಾರದೊಳಗೆ ಹಳದಿ ಕಲೆ ಎದ್ದಿತು, ಆಮೇಲೆ ಕಪ್ಪು ಚುಕ್ಕೆ, ಮೊಳೆಗಳ ಸುತ್ತ ಕಪ್ಪು ಉಂಗುರ. ಸೆಪ್ಟೆಂಬರ್ ಬಂದರೂ ಮುಟ್ಟಿದರೆ ಕೈಗೆ ಅಂಟುತ್ತದೆ. ಮಗಳ ಕೋಣೆಗೆಂದು ಇಟ್ಟಿರುವ, ಹಸಿರು ಆಯಿಲ್ ಪೇಂಟಿನ ಹಳೆಯ ಬಟ್ಟೆ ಕಪಾಟು ಮತ್ತು ಭಾರವಾದ ಒಂದು ಕಪ್ಪು ಮೇಜಿಗೂ ಬಿಳಿ ಬಣ್ಣ ಹೊಡೆಯುವ ಆಸೆಯಿದೆ. ಜಗಲಿಯೂ ಬಹಳ ಕತ್ತಲೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಸದ್ಯಕ್ಕೆ ಎಲ್ಲಿಂದಲೂ ಶುರು ಮಾಡಬೇಡಿ. ಸ್ಟೂಲನ್ನು ಒಳಗಿಡಿ, ಬ್ರಷ್ ತೊಳೆದಿಡಿ, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದಿಡಿ. ಉಳಿದದ್ದನ್ನು ಓದುತ್ತಿರಿ.

ಆರಿದ್ರಾ ಮಳೆ ಹಿಡಿದು ಕೂತಿದ್ದಾಗ ನೀವು ಬ್ರಷ್ ಎತ್ತಿಕೊಂಡಿರಿ. ನಿಮ್ಮನ್ನು ಗದರುವ ಹಕ್ಕು ನನಗಿಲ್ಲ, ಏಕೆಂದರೆ ಶಿವಮೊಗ್ಗದಲ್ಲಿ ಪಾಲಿಷ್ ಕೆಲಸಕ್ಕೆ ಇಳಿದ ಹೊಸದರಲ್ಲಿ ನಾನು ಇದಕ್ಕಿಂತ ದೊಡ್ಡ ಎಡವಟ್ಟು ಮಾಡಿದ್ದೇನೆ. ಹೊಸನಗರದ ಕಡೆಯ ಒಂದು ಮನೆಯ ತೂಗುಮಣೆ. ಗಣೇಶನ ಹಬ್ಬದೊಳಗೆ ಮುಗಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಹೊರಗೆ ಜಡಿಮಳೆ, ಒಳಗೆ ನಾನು ಲ್ಯಾಕರ್ ಹೊಡೆಯುತ್ತಿದ್ದೇನೆ. ಹೊಡೆದ ಹತ್ತು ನಿಮಿಷಕ್ಕೆ ಕನ್ನಡಿಯಂತೆ ಹೊಳೆಯಬೇಕಾದ ಮಣೆ ಅಕ್ಕಿ ತೊಳೆದ ನೀರು ಚೆಲ್ಲಿದಂತೆ ಬೆಳ್ಳಗಾಯಿತು. ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ನೋಡಿ, "ಏನು, ಮಣೆಗೂ ಚಳಿಜ್ವರ ಬಂತೇ?" ಎಂದರು.

ಅಜ್ಜಿ ಹೇಳಿದ್ದು ಹೆಚ್ಚುಕಡಿಮೆ ನಿಜವೇ ಆಗಿತ್ತು. ಲ್ಯಾಕರನ್ನು ತೆಳುಮಾಡಲು ಬೆರೆಸುವ ಥಿನ್ನರ್ ಆರುವಾಗ ಮೇಲ್ಮೈಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ, ಮರದ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತುಂಬಿಕೊಂಡಿರುವ ತೇವ ಆ ತಣ್ಣನೆಯ ಮೈಮೇಲೆ ಇಬ್ಬನಿಯಾಗಿ ಇಳಿದು, ಆರುತ್ತಿರುವ ಲ್ಯಾಕರಿನ ಪದರದೊಳಗೇ ಸಿಕ್ಕಿಬೀಳುತ್ತದೆ. ಆ ಬಿಳುಪನ್ನು ಕೆರೆದು ತೆಗೆದು, ಫೆಬ್ರವರಿಯಲ್ಲಿ ಮತ್ತೆ ಹೋಗಿ, ಕೂಲಿ ಕೇಳದೆ ಮಾಡಿಕೊಟ್ಟೆ. ಅಂದಿನಿಂದ ಬಣ್ಣದ ಡಬ್ಬಿ ತೆರೆಯುವ ಮೊದಲು ಆ ಮನೆಯವರ ಉಪ್ಪಿನ ಭರಣಿ ತೆರೆದು ನೋಡುತ್ತೇನೆ.

ಇದು ತಮಾಷೆಯ ಮಾತಲ್ಲ. ಗಾಳಿಯ ತೇವಾಂಶ ಶೇಕಡಾ 75ರ ಆಸುಪಾಸು ದಾಟಿದರೆ ಶುದ್ಧ ಉಪ್ಪು ಗಾಳಿಯಿಂದ ನೀರೆಳೆದುಕೊಂಡು ಕರಗಲು ತೊಡಗುತ್ತದೆ. ನಮ್ಮ ಕಲ್ಲುಪ್ಪು ಅದಕ್ಕೂ ಮೊದಲೇ ಬೆವರುತ್ತದೆ, ಅದರಲ್ಲಿ ಬೇರೆ ಲವಣಗಳೂ ಇರುವುದರಿಂದ. ಬಣ್ಣದ ಕಂಪನಿಗಳು ಶೇಕಡಾ 85ಕ್ಕಿಂತ ಹೆಚ್ಚು ತೇವವಿದ್ದರೆ ಬಣ್ಣ ಹೊಡೆಯಬೇಡಿ ಎನ್ನುತ್ತವೆ. ಆದ್ದರಿಂದ ಮುಚ್ಚಳ ತೆಗೆದಿಟ್ಟ ಕಲ್ಲುಪ್ಪು ಎರಡು ದಿನ ಒಣಗಿಯೇ ಉಳಿದರೆ ಗಾಳಿ ನಿಮ್ಮ ಪರವಾಗಿದೆ. ದುಡ್ಡು ಕೊಟ್ಟು ಯಂತ್ರ ತರಬೇಕಾಗಿಲ್ಲ.

ಗಾಳಿ ಒಣಗಿದ ದಿನವೇ ಮರ ಒಣಗುವುದಿಲ್ಲ ಎಂಬುದು ಎರಡನೆಯ ವಿಷಯ, ಬಹಳ ಜನ ಎಡವುವುದು ಇಲ್ಲಿ. ಒಣಹವೆಯಲ್ಲಿ ಮನೆಯೊಳಗಿನ ಮರದಲ್ಲಿ ತೂಕದ ಶೇಕಡಾ 12ರಷ್ಟು ನೀರಿದ್ದರೆ, ಮಲೆನಾಡಿನ ಮಳೆಗಾಲದಲ್ಲಿ ಅದು 18, 20ಕ್ಕೂ ಏರುತ್ತದೆ. ಇದನ್ನು ಅಳೆಯುವ ಉಪಕರಣವೂ ನಿಮ್ಮ ಮನೆಯಲ್ಲೇ ಇದೆ. ಹಳೆಯ ಕಪಾಟು ಎಂದ ಮೇಲೆ ಒಂದಾದರೂ ಡ್ರಾಯರ್ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಅದು ಕಚ್ಚಿಕೊಂಡಿರುತ್ತದೆ, ಎರಡೂ ಕೈಯಲ್ಲಿ ಹಿಡಿದು ಮೊಣಕಾಲು ಒತ್ತಿ ಎಳೆಯಬೇಕು. ಮರ ನೀರು ಕುಡಿದು ಅಡ್ಡಕ್ಕೆ ಉಬ್ಬಿರುವುದೇ ಅದಕ್ಕೆ ಕಾರಣ. ಉದ್ದಕ್ಕೆ ಮರ ಹೆಚ್ಚು ಹಿಗ್ಗುವುದಿಲ್ಲ, ಹಿಗ್ಗುವುದೆಲ್ಲ ಎಳೆಗಳಿಗೆ ಅಡ್ಡವಾಗಿ. ಆ ಡ್ರಾಯರ್ ಒಂದೇ ಬೆರಳಿಗೆ ಜಾರಿ ಬರುವ ತನಕ ಕಪಾಟಿಗೆ ಬಣ್ಣದ ಮಾತು ಬೇಡ. ಉಬ್ಬಿದ ಮರದ ಮೇಲೆ ಬಣ್ಣ ಹೊಡೆದರೆ ಬೇಸಿಗೆಯಲ್ಲಿ ಮರ ಕುಗ್ಗಿ, ಹಲಗೆ ಸೇರುವ ಗೆರೆಯುದ್ದಕ್ಕೂ ಬಣ್ಣ ಬಿರಿಯುತ್ತದೆ.

ಈ ಲೆಕ್ಕ ಜಿಲ್ಲೆಯೊಳಗೇ ಬದಲಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುತ್ತದೆ. ಶಿವಮೊಗ್ಗ ನಗರದಲ್ಲಿ ಬೀಳುವುದು ಅದರ ಕಾಲು ಭಾಗಕ್ಕಿಂತ ಕಡಿಮೆ. ಶಿಕಾರಿಪುರ, ಭದ್ರಾವತಿಯವರು ನವೆಂಬರ್‌ನಲ್ಲೇ ಕೆಲಸ ಶುರು ಮಾಡಬಹುದು. ನಿಮ್ಮ ಕಡೆಯಲ್ಲಿ ಜನವರಿ ಕೊನೆಯವರೆಗೂ ಕಾಯುವುದು ಒಳ್ಳೆಯದು. ಹೇಗಿದ್ದರೂ ಅಲ್ಲಿಯವರೆಗೆ ನಿಮ್ಮ ಅಂಗಳ ನಿಮಗೆ ಸಿಗುವುದಿಲ್ಲ, ಅಡಿಕೆ ಹರಡಿಕೊಂಡಿರುತ್ತದೆ. ಸುಲಿಯುವಾಗ ಏಳುವ ದೂಳು ಹಸಿ ಬಣ್ಣದ ಮೇಲೆ ಕೂತರೆ ಮೇಜಿನ ಮೈ ಮರಳು ಕಾಗದದಂತಾಗುತ್ತದೆ. ಕೊಯ್ಲು ಮುಗಿದು ಅಂಗಳ ಗುಡಿಸಿದ ಮೇಲೆ, ಮೊದಲ ಬೇಸಿಗೆ ಮಳೆಗೆ ಮುಂಚೆ ಸಿಗುವ ಆ ಎರಡು ತಿಂಗಳೇ ನಮ್ಮ ಕಾಲ. ಆಗಲೂ ಬೆಳಗಿನ ಮಂಜು ಆರಿದ ನಂತರ, ಹತ್ತೂವರೆ ಹೊತ್ತಿಗೆ ಶುರು ಮಾಡಿ ಮಧ್ಯಾಹ್ನ ಎರಡಕ್ಕೆ ಬ್ರಷ್ ಕೆಳಗಿಡಿ. ಸಂಜೆಯ ತಂಪು ಇಳಿಯುವ ಹೊತ್ತಿಗೆ ಎನಾಮೆಲ್, ಅಂದರೆ ಹೊಳಪಿನ ಎಣ್ಣೆ ಬಣ್ಣ, ಇನ್ನೂ ಹಸಿಯಾಗಿದ್ದರೆ ಬೆಳಗಾಗುವಷ್ಟರಲ್ಲಿ ಹೊಳಪು ಸತ್ತಿರುತ್ತದೆ.

ಇನ್ನು ನಿಮ್ಮ ಸ್ಟೂಲು. ಹಳದಿ ಕಲೆ ಬಣ್ಣದ ದೋಷವಲ್ಲ, ಹಲಸಿನ ಗುಣ. ಹಲಸಿನ ಕೆಚ್ಚಿನಲ್ಲಿ ಅಚ್ಚ ಹಳದಿ ಬಣ್ಣವಿದೆ. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕಟ್ಟಲು ಈ ಮರದ ಚಕ್ಕೆಯನ್ನು ಕುದಿಸುತ್ತಿದ್ದರು. ಚಾಕ್ ಪೇಂಟ್ ನೀರಿನಲ್ಲಿ ಕಲಸಿದ ಬಣ್ಣ. ನೀವು ಬಳಿದ ಪ್ರತಿ ಕೈಯೂ ಆ ಹಳದಿಯನ್ನು ಕರಗಿಸಿ ಮೇಲಕ್ಕೆ ಎಳೆದುಕೊಂಡಿತು. ಇನ್ನೂ ಹತ್ತು ಕೈ ಬಿಳಿ ಬಳಿದರೂ ಅದು ಬರುತ್ತಲೇ ಇರುತ್ತದೆ.

ಮೊಳೆಯ ಸುತ್ತಲಿನ ಕಪ್ಪು ಉಂಗುರ ನಿಮಗೆ ಗೊತ್ತಿರುವ ವಿಷಯವೇ. ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸಿ ಒರೆಸದೆ ಇಟ್ಟರೆ ಅಲಗು ಕಪ್ಪಾಗುವುದಿಲ್ಲವೇ? ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಮರದಲ್ಲೂ ಇರುತ್ತದೆ. ಅದು ಕಬ್ಬಿಣವನ್ನು ಸೇರಿ, ನಡುವೆ ನೀರೂ ಬಂದರೆ ಶಾಯಿಯೇ ತಯಾರಾಗುತ್ತದೆ. ಹಿಂದಿನವರು ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ಕೂಟದಿಂದ.

ಕಪ್ಪು ಚುಕ್ಕೆ ಬೂಷ್ಟು. ಚಾಕ್ ಪೇಂಟಿನ ಮೈ ಸಣ್ಣ ಸಣ್ಣ ತೂತುಗಳ ಮೈ, ತೇವ ಹಿಡಿದಿಟ್ಟುಕೊಳ್ಳುತ್ತದೆ. ಅಂಟಿಗೆ ಎರಡು ಕಾರಣ ಇರಬಹುದು: ಅಡುಗೆಮನೆಯ ಸ್ಟೂಲಾದ್ದರಿಂದ ವರ್ಷಾನುಗಟ್ಟಲೆ ಕೂತ ಎಣ್ಣೆಜಿಡ್ಡಿನ ಮೇಲೆ ಬಣ್ಣ ಹಿಡಿಯಲಿಲ್ಲ, ಮತ್ತು ಮೇಣ ಗಟ್ಟಿಯಾಗಲಿಲ್ಲ. ಚಾಕ್ ಪೇಂಟ್ ಕೆಟ್ಟದೆಂದು ನಾನು ಹೇಳುವುದಿಲ್ಲ. ಒಣ ಊರುಗಳಲ್ಲಿ ಅದು ಚೆಂದ. ಮೇಣದ ಹೊದಿಕೆ ಹೊದ್ದ ಚಾಕ್ ಪೇಂಟನ್ನು ಮಲೆನಾಡಿಗೆ ತರುವುದು ಹತ್ತಿಯ ಅಂಗಿ ತೊಟ್ಟು ನಾಟಿಗೆ ಇಳಿದಂತೆ, ಕಂಬಳಿಯ ಕೊಪ್ಪೆಯೂ ಇಲ್ಲದೆ.

ರಿಪೇರಿ ಹೀಗೆ. ಫೆಬ್ರವರಿಯಲ್ಲಿ ಸ್ಟೂಲನ್ನು ಹೊರಗೆ ತನ್ನಿ. ಮೇಣವನ್ನು ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆಯಿರಿ, ಬಟ್ಟೆ ಮೂರು ಸಲ ಬದಲಿಸಬೇಕಾದೀತು. ಬಣ್ಣವನ್ನು ಕೆರೆಯುವ ಪಟ್ಟಿಯಿಂದ ಎತ್ತಿ. ಜಿಡ್ಡಿಗೆ ಅಂಟುವಾಳದ ನೊರೆ ಸಾಕು. ವಾಷಿಂಗ್ ಸೋಡಾ ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ಟ್ಯಾನಿನ್ ಇರುವ ಮರವನ್ನು ಕಪ್ಪಾಗಿಸುತ್ತದೆ. ಬೂಷ್ಟು ಕೂತ ಜಾಗಕ್ಕೆ ಮನೆಬಳಕೆಯ ಬ್ಲೀಚ್ ಒಂದು ಪಾಲಿಗೆ ನೀರು ನಾಲ್ಕು ಪಾಲು ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಅದರ ಜೊತೆ ವಿನೆಗರ್, ಹುಳಿ, ಟಾಯ್ಲೆಟ್ ಕ್ಲೀನರ್ ಯಾವುದನ್ನೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಬ್ಲೀಚ್ ಪೂರ್ತಿ ತೊಳೆದು ಹೋಗಿ, ಮರ ಒಣಗಿದ ಮೇಲೆ, ಬೇರೊಂದು ದಿನ ಮೊಳೆಯ ಕಪ್ಪಿಗೆ ಆಕ್ಸಾಲಿಕ್ ಆಸಿಡ್. ಒಂದು ಲೋಟ ಬಿಸಿನೀರಿಗೆ ಎರಡು ಚಮಚ, ಕೈಗೆ ಗ್ಲೌಸ್, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಚ್ಚಿ ಅರ್ಧ ಗಂಟೆಗೆ ಚೆನ್ನಾಗಿ ತೊಳೆಯಬೇಕು. ಉಂಗುರ ಕಣ್ಣೆದುರೇ ಮಸುಕಾಗುವುದನ್ನು ನೋಡುವುದು ಈ ಕೆಲಸದ ಸಣ್ಣ ಸುಖಗಳಲ್ಲಿ ಒಂದು. ಇದೂ ವಿಷವೇ, ಮಕ್ಕಳ ಕೈಗೆ ಸಿಗದಂತೆ ಇಡಿ. ಹಳೆಯ ಕಬ್ಬಿಣದ ಮೊಳೆ ತೆಗೆಯಲು ಬಂದರೆ ತೆಗೆದು ಸ್ಟೀಲಿನ ಸ್ಕ್ರೂ ಹಾಕಿ. ಬರದಿದ್ದರೆ ಒಳಕ್ಕೆ ತಗ್ಗಿಸಿ ಪುಟ್ಟಿ ತುಂಬಿ.

ಆಮೇಲೆ ನಾಲ್ಕೈದು ದಿನ ನೆರಳಲ್ಲಿ, ಗಾಳಿಗೆ. ಬಿರುಬಿಸಿಲಿಗೆ ಇಟ್ಟರೆ ಮೇಲ್ಪದರ ಬೇಗ ಕುಗ್ಗಿ ಸೀಳುತ್ತದೆ. 120ರ ಸ್ಯಾಂಡ್‌ಪೇಪರ್ (ಅಂಕಿ ಹೆಚ್ಚಿದಷ್ಟೂ ಕಾಗದ ನಯ), ನಂತರ 180, ಎರಡನ್ನೂ ಎಳೆಯ ಉದ್ದಕ್ಕೇ ಉಜ್ಜಿ.

ಹಳದಿಯನ್ನು ಕಟ್ಟಿಹಾಕುವುದು ಅರಗು. ಬಡಗಿಗಳು ಸ್ಪಿರಿಟ್ ಪಾಲಿಷ್ ಎಂದು ಕರೆಯುವುದು ಇದನ್ನೇ. ಒಂದು ಲೀಟರ್ ಸ್ಪಿರಿಟ್ಟಿಗೆ 150 ಗ್ರಾಂ ಅರಗಿನ ಚಕ್ಕೆ ಹಾಕಿ, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಬಿಡಿ, ನಡುನಡುವೆ ಅಲುಗಾಡಿಸಿ, ಮರುದಿನ ಬಟ್ಟೆಯಲ್ಲಿ ಸೋಸಿ. ಎರಡು ತೆಳು ಕೈ, ನಡುವೆ ಒಂದು ಗಂಟೆ. ಮರದ ಬಣ್ಣ ನೀರಿಗೆ ಕರಗಿ ಮೇಲೇಳುತ್ತದೆ. ಅರಗಿನ ಪದರ ಆ ನೀರನ್ನು ಮರಕ್ಕೆ ಮುಟ್ಟಲು ಬಿಡುವುದಿಲ್ಲ. ಅದರ ಮೇಲೆ 220ರಲ್ಲಿ ಒಮ್ಮೆ ಸವರಿ ವುಡ್ ಪ್ರೈಮರ್ ಒಂದು ಕೈ, ಎನಾಮೆಲ್ ಎರಡು ಕೈ, ಪ್ರತಿ ಕೈಗೂ ನಡುವೆ ಒಂದು ಪೂರ್ತಿ ದಿನ. ಬಣ್ಣ ತೆಳುವಾಗಿರಲಿ. ದಪ್ಪ ಬಳಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿ ಉಳಿಯುತ್ತದೆ. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಎನಾಮೆಲ್ ನಿಜವಾಗಿ ಗಟ್ಟಿಯಾಗಲು ಮೂರು ವಾರ ಬೇಕು. ಅಷ್ಟು ದಿನ ಅದರ ಮೇಲೆ ಬಿಸಿ ಪಾತ್ರೆ, ಒದ್ದೆ ಬಟ್ಟೆ ಬೇಡ.

ಕಾಲುಗಳ ತುದಿಯನ್ನು ಯಾರೂ ನೋಡುವುದಿಲ್ಲ, ಆದ್ದರಿಂದ ಯಾರೂ ಬಳಿಯುವುದೂ ಇಲ್ಲ. ಮರ ನೀರು ಕುಡಿಯುವುದು ಅಲ್ಲಿಂದಲೇ. ಎಳೆಗಳ ಬಾಯಿ ಅಲ್ಲಿ ತೆರೆದಿರುತ್ತದೆ, ಹುಲ್ಲಿನ ಕೊಳವೆಗಳ ಕಂತೆ ಇದ್ದಂತೆ. ನೆಲ ಒರೆಸಿದ ನೀರು, ಗೋಡೆಯ ಬುಡದ ಪಸೆ, ಎಲ್ಲವೂ ಮೇಲಕ್ಕೆ ಏರುತ್ತದೆ. ಒಂದು ತಟ್ಟೆಯಲ್ಲಿ ಸ್ವಲ್ಪ ಪ್ರೈಮರ್ ಹಾಕಿ ಸ್ಟೂಲನ್ನು ಅದರಲ್ಲಿ ಹತ್ತು ನಿಮಿಷ ನಿಲ್ಲಿಸಿ. ಎಷ್ಟು ಹೀರಿಕೊಂಡಿತೆಂದು ನೋಡಿದರೆ ನೀವೇ ಬೆರಗಾಗುತ್ತೀರಿ. ಕಪಾಟಿನ ಹಿಂಬದಿಗೂ ಹೀಗೆಯೇ: ಮುಂಭಾಗಕ್ಕೆ ಮೂರು ಕೈ ಬಳಿದು ಹಿಂಭಾಗವನ್ನು ಬರಿದಾಗಿ ಬಿಟ್ಟರೆ, ಹಿಂದಿನಿಂದ ಮಾತ್ರ ನೀರು ಕುಡಿದು ಹಲಗೆ ಸೊಟ್ಟಗಾಗುತ್ತದೆ. ಚೆಂದಕ್ಕಾಗಿ ಬೇಡ, ಒಂದು ಕೈಯಾದರೂ ಬಳಿಯಿರಿ.

ಹಸಿರು ಕಪಾಟಿನ ವಿಷಯದಲ್ಲಿ ನನಗೆ ಬೇರೊಂದು ಚಿಂತೆ. ಹಳೆಯ ಆಯಿಲ್ ಪೇಂಟುಗಳಲ್ಲಿ ಸೀಸ ಸೇರಿಸುತ್ತಿದ್ದರು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅಜ್ಜನ ಕಾಲದ ಹಸಿರಿನಲ್ಲಿ ಸೀಸ ಇದೆ ಎಂದೇ ಭಾವಿಸಿ ಕೆಲಸ ಮಾಡಿ, ಅದೂ ಮಗಳ ಕೋಣೆಗೆ ಹೋಗುವ ಕಪಾಟು. ಒಣದಾಗಿ ಉಜ್ಜಲೇಬೇಡಿ, ಯಂತ್ರದಲ್ಲಂತೂ ಬೇಡವೇ ಬೇಡ. ಬಣ್ಣ ಗಟ್ಟಿಯಾಗಿ ಕೂತಿದ್ದರೆ ಪೂರ್ತಿ ತೆಗೆಯುವ ಅಗತ್ಯವೂ ಇಲ್ಲ. ನೀರಿನಲ್ಲಿ ಅದ್ದಿ ಬಳಸುವ ಕಪ್ಪು ಸ್ಯಾಂಡ್‌ಪೇಪರ್ ತಂದು, ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟಿ, ಹೊಳಪು ಹೋಗುವಷ್ಟು ಮಾತ್ರ ಒದ್ದೆಯಾಗಿ ಉಜ್ಜಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಆ ಕೆಸರನ್ನು ಬಟ್ಟೆಯಲ್ಲಿ ಒರೆಸಿ ಹಾಳೆಯೊಂದಿಗೇ ಕಟ್ಟಿ ಬಿಸಾಡಿ. ಅಂಗಳಕ್ಕೆ ಚೆಲ್ಲಬೇಡಿ, ಕೋಳಿ ಕೆದಕುತ್ತದೆ, ಮಗು ಆಡುತ್ತದೆ. ಎರಡು ದಿನ ಒಣಗಲು ಬಿಟ್ಟು ಮೇಲೆ ಪ್ರೈಮರ್, ಎನಾಮೆಲ್. ಒಂದು ಲೀಟರ್ ಎನಾಮೆಲ್ ಒಂದು ಕೈಗೆ ಸುಮಾರು 100ರಿಂದ 120 ಚದರ ಅಡಿಗೆ ಬರುತ್ತದೆ, ಅದರಂತೆ ಲೆಕ್ಕ ಹಾಕಿ ತನ್ನಿ. ಅಂಗಡಿಯವರು ಹೇಳುವಷ್ಟು ಬೇಕಾಗುವುದಿಲ್ಲ.

ಬಳಿಯುವ ಮೊದಲು ಕಪಾಟಿನ ಕೆಳಗೆ ನೆಲದ ಮೇಲೆ ಹಿಟ್ಟಿನಂಥ ಹುಡಿ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಕುಟ್ಟೆ ಹುಳು ಒಳಗಿದೆ. ಬಣ್ಣ ಅದನ್ನು ಕೊಲ್ಲುವುದಿಲ್ಲ. ಹತ್ತು ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಬಣ್ಣವಿಲ್ಲದ ಬರಿಮರದ ಮೇಲೆ ಎರಡು ಮೂರು ಸಲ ಹರಿಯುವಂತೆ ಹಚ್ಚಬೇಕು. ಬಣ್ಣದ ಮೇಲೆ ಹಚ್ಚಿದರೆ ಒಳಗೆ ಇಳಿಯುವುದಿಲ್ಲ; ಕಪಾಟಿನ ಒಳಮೈ, ಹಿಂಬದಿ, ತಳದಿಂದ ಹಚ್ಚಿ. ಹಳೆಯ ಮನೆಗಳಲ್ಲಿ ಒಲೆಯ ಹೊಗೆ ಅಟ್ಟಕ್ಕೆ ಏರಿ ತೊಲೆಗಳಿಗೆಲ್ಲ ಇಲ್ಲಣ ಹಿಡಿಯುತ್ತಿತ್ತು, ಹುಳು ಹತ್ತಿರ ಸುಳಿಯುತ್ತಿರಲಿಲ್ಲ. ಗ್ಯಾಸ್ ಬಂದ ಮೇಲೆ ನಮ್ಮ ತೊಲೆಗಳು ಬಿಳುಚಿಕೊಂಡವು, ಹುಳುವಿಗೂ ಧೈರ್ಯ ಬಂತು.

ಮೇಜಿಗೆ ಬಿಳಿ ಬೇಡ. ನೋಡದೆಯೇ ಹೇಗೆ ಹೇಳುತ್ತೀರಿ ಎಂದು ಕೇಳಬಹುದು. ಕಪ್ಪು, ಭಾರ, ಅಜ್ಜನ ಕಾಲದ್ದು, ತೀರ್ಥಹಳ್ಳಿ ಸೀಮೆಯದು ಎಂದಿರಿ. ಬೀಟೆ ಇರಬಹುದೆಂಬ ಅನುಮಾನ ನನಗೆ. ಹಲಗೆಯ ಅಡಿಯಲ್ಲಿ, ಕಾಣದ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕೆರೆಯಿರಿ. ಕಂದು ಮೈಯಲ್ಲಿ ನೇರಳೆ ಛಾಯೆಯ ಕಪ್ಪು ಗೆರೆಗಳು ಹರಿದಿದ್ದರೆ ಅದು ಬೀಟೆಯೇ. ಅಂಥ ಮರದ ಮೇಲೆ ಬಿಳಿ ಎನಾಮೆಲ್ ಹೊಡೆದರೆ ನನಗೆ ನೋವಾಗುತ್ತದೆ ಎಂಬುದು ಒಂದು. ಬೀಟೆಯ ಒಳಗಿನ ರಸವೇ ಎಣ್ಣೆ ಬಣ್ಣ ಗಟ್ಟಿಯಾಗುವುದನ್ನು ತಡೆಯುತ್ತದೆ ಎಂಬುದು ಇನ್ನೊಂದು, ವಾರಗಟ್ಟಲೆ ಅಂಟು ಹೋಗುವುದಿಲ್ಲ. ಮೊದಲು ಹತ್ತಿಯ ಉಂಡೆಗೆ ಸ್ಪಿರಿಟ್ ಅದ್ದಿ ಮೂಲೆಯೊಂದರಲ್ಲಿ ಉಜ್ಜಿ. ಕಂದು ಬಣ್ಣ ಹತ್ತಿಗೆ ಬಂದು ಜಾಗ ಅಂಟಾದರೆ ಹಳೆಯ ಅರಗಿನ ಪಾಲಿಷ್ ಅದು. ಪೂರ್ತಿ ಕಿತ್ತು ಹಾಕುವ ಅಗತ್ಯವಿಲ್ಲ; ಜಿಡ್ಡು ತೆಗೆದು, ಅದೇ ಅರಗಿನ ದ್ರಾವಣವನ್ನು ಬಟ್ಟೆಯ ಉಂಡೆಯಲ್ಲಿ ಮೂರು ನಾಲ್ಕು ಸಲ ಎಳೆದರೆ ಹಳೆಯ ಪದರದೊಂದಿಗೆ ಕರಗಿ ಒಂದಾಗುತ್ತದೆ. ಆದರೆ ಅರಗಿನ ಮೇಲೆ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ, ಊಟದ ಮೇಜಾಗಿ ಬಳಸುವಿರಾದರೆ ಮೇಲೊಂದು ಚಾಪೆ ಹಾಸಿ.

ಅಗಸೆ ಎಣ್ಣೆ ಹಚ್ಚಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಸಿ ಅಗಸೆ ಎಣ್ಣೆ ನಮ್ಮ ಹವೆಯಲ್ಲಿ ಬೂಷ್ಟಿಗೆ ಹಬ್ಬದೂಟ. ಹಚ್ಚಲೇಬೇಕೆಂದಿದ್ದರೆ ಬೇಸಿಗೆಯಲ್ಲಿ, ಬಹಳ ತೆಳುವಾಗಿ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ: ಆರುವ ಎಣ್ಣೆ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಲ್ಲದು. ಹುಲ್ಲು, ಸೋಗೆ ತುಂಬಿದ ಮನೆಗಳವರು ಇದನ್ನು ಮರೆಯುವಂತಿಲ್ಲ. ಬಟ್ಟೆಯನ್ನು ಬೇಲಿಯ ಮೇಲೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಜಗಲಿಯ ಕತ್ತಲೆಗೆ ಪೀಠೋಪಕರಣಗಳನ್ನೆಲ್ಲ ಬಿಳಿ ಮಾಡುವುದು ದಾರಿಯಲ್ಲ. ನಮ್ಮ ಸೂರು ತಗ್ಗಾಗಿರುವುದು ಮಳೆಯ ಇರಿಚಲಿಗಾಗಿ. ಅದನ್ನು ಎತ್ತರಿಸಲಾಗದು, ಆದರೆ ಎರಡು ಮಂಗಳೂರು ಹೆಂಚು ತೆಗೆದು ಅಲ್ಲಿ ಗಾಜಿನ ಹೆಂಚು ಕೂರಿಸಬಹುದು. ಎರಡು ಹೆಂಚಿನಿಂದ ಬರುವ ಬೆಳಕು ಯಾವ ಬಣ್ಣದಿಂದಲೂ ಬರುವುದಿಲ್ಲ. ಗೋಡೆ ಮಣ್ಣಿನದೋ ಜಂಬಿಟ್ಟಿಗೆಯದೋ ಆಗಿದ್ದರೆ ಪ್ಲಾಸ್ಟಿಕ್ ಎಮಲ್ಷನ್ ಬಿಟ್ಟು ಸುಣ್ಣ ಹೊಡೆಯಿರಿ. ಗೋಡೆ ಉಸಿರಾಡುತ್ತದೆ, ಪಸೆ ಹೊರಗೆ ಹೋಗುತ್ತದೆ, ಬೂಷ್ಟೂ ಸುಣ್ಣದ ಖಾರಕ್ಕೆ ಅಂಜುತ್ತದೆ. ಎಮಲ್ಷನ್ ಹೊಡೆದರೆ ಪಸೆ ಒಳಗೆ ಸಿಕ್ಕಿ, ಮುಂದಿನ ಮಳೆಗಾಲಕ್ಕೆ ಬಣ್ಣ ಹಪ್ಪಳದಂತೆ ಎದ್ದಿರುತ್ತದೆ. ಒಂದು ಗೋಡೆಯನ್ನಾದರೂ ಕೆಮ್ಮಣ್ಣಿಗೆ ಬಿಡುವ ಮನಸ್ಸಿದ್ದರೆ ಸಾಗರ, ಸೊರಬದ ದೀವರ ಸಮುದಾಯದ ಹೆಂಗಸರು ಬರೆಯುವ ಹಸೆ ಚಿತ್ತಾರವನ್ನು ಒಮ್ಮೆ ನೋಡಿ ಬನ್ನಿ. ಕೆಂಪು ನೆಲೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಬರೆಯಲು ಪುಂಡಿನಾರಿನ ಕುಂಚ. ಕತ್ತಲ ಕೋಣೆಯಲ್ಲಿ ಅಗಲ ಬಿಳಿಗಿಂತ ಸಣ್ಣ ಬಿಳಿ ಎಷ್ಟು ಹೊಳೆಯುತ್ತದೆಂದು ಅವರಿಂದ ನಾನು ಕಲಿತೆ.

ಮಗಳಿಗೆ ಬಿಳಿಯೇ ಬೇಕೆಂದರೆ ಕಪಾಟಿಗೆ ಹೊಡೆಯಿರಿ, ನನ್ನ ತಕರಾರಿಲ್ಲ. ಅಚ್ಚ ಬಿಳಿಯ ಬದಲು ತುಸು ಕೆನೆ ಸೇರಿದ ಬಿಳಿ ತನ್ನಿ. ಎಣ್ಣೆಯ ಎನಾಮೆಲ್ ಕತ್ತಲ ಕೋಣೆಯಲ್ಲಿ ಎರಡು ವರ್ಷಕ್ಕೆ ಹೇಗೂ ಹಳದಿಗೆ ತಿರುಗುತ್ತದೆ. ಕೆನೆಬಿಳಿಯಲ್ಲಿ ಅದು ಗೊತ್ತಾಗುವುದಿಲ್ಲ. ಡ್ರಾಯರಿನ ಪಕ್ಕದ ಹಲಗೆಗಳಿಗೆ ಮಾತ್ರ ಬಣ್ಣ ಬಳಿಯಬೇಡಿ, ಮೇಣದಬತ್ತಿಯ ತುಂಡು ಉಜ್ಜಿದರೆ ಸಾಕು. ಬಳಿದರೆ ಮುಂದಿನ ಆಷಾಢದಲ್ಲಿ ಅದು ಮೊಣಕಾಲಿಗೂ ಬಗ್ಗುವುದಿಲ್ಲ.